ಪ್ಲೆಸ್ಸಿ ಪಾಲಾದ ಕಥೆ

ಪ್ರಶ್ನೆ: ನಮ್ಮ ತಂದೆ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಅವರು ತೀರಿಕೊಂಡ ಮೇಲೆ ಅಟ್ಟ ಖಾಲಿ ಮಾಡುವಾಗ ಭಾರವಾದ ಒಂದು ಯಂತ್ರಭಾಗ ಸಿಕ್ಕಿತು. ಮೇಲೆ ‘ಲಿವರ್‌ಪೂಲ್’ ಎಂದು ಅಚ್ಚೊತ್ತಿದೆ. ತಂದೆಯ ಹಳೇ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. “ಅದು ಎಟಿಇ ಕಂಪನೀದು. ಆಮೇಲೆ ಪ್ಲೆಸ್ಸಿ ಆಯ್ತು. ಆಮೇಲೆ ಮುಳುಗೋಯ್ತು” ಅಂದರು. ಆದರೆ ಸ್ಮಾರ್ಟ್ ಕನ್ನಡಕಗಳಿಗೆ ಪುಟ್ಟ ಎಲ್‌ಇಡಿ ಪರದೆ ಮಾಡುವ ಪ್ಲೆಸ್ಸಿ ಎಂಬ ಕಂಪನಿಯ ಹೆಸರನ್ನು ಇತ್ತೀಚೆಗೆ ಓದಿದ್ದೇನೆ. ಎರಡೂ ಒಂದೇನಾ? ಮುಳುಗಿದ್ದು ಯಾಕೆ? ನನ್ನ ಹತ್ತಿರ ಇರುವುದು ಏನು?
— ಕೆ.ಆರ್. ಪುರದ ಓದುಗರು

ಉತ್ತರ: ಆ ಹಿರಿಯರು ಹೇಳಿದ ಮೂರು ಮಾತಿನಲ್ಲಿ ಮೊದಲ ಎರಡು ಸರಿ, ಮೂರನೆಯದನ್ನು ಸ್ವಲ್ಪ ತಿದ್ದಬೇಕು. ಟೆಲಿಫೋನ್, ರಾಡಾರ್, ಎಲೆಕ್ಟ್ರಾನಿಕ್ ಚಿಪ್ಪು ಮಾಡುತ್ತಿದ್ದ ಬ್ರಿಟನ್ನಿನ ಪ್ಲೆಸ್ಸಿ ನಷ್ಟವಾಗಿ ಬಾಗಿಲು ಹಾಕಿದ ಕಂಪನಿಯಲ್ಲ. ಲಾಭದಲ್ಲಿ ನಡೆಯುತ್ತಿದ್ದಾಗಲೇ, 1989ರ ಸೆಪ್ಟೆಂಬರಿನಲ್ಲಿ, ಇಬ್ಬರು ದೊಡ್ಡವರು ಸೇರಿ ಅದನ್ನು ಕೊಂಡು, ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಹಾಗೆ ಹಂಚಿಕೊಂಡರು. ರಾಡಾರ್ ಒಬ್ಬರಿಗೆ, ಚಿಪ್ಪು ಇನ್ನೊಬ್ಬರಿಗೆ, ಟೆಲಿಫೋನು ಇಬ್ಬರಿಗೂ ಜಂಟಿಯಾಗಿ. ಹಾಗಾಗಿ “ಎರಡೂ ಒಂದೇನಾ” ಎಂಬ ಪ್ರಶ್ನೆಗೆ ಹೌದು, ಅಲ್ಲ ಎಂಬ ಒಂದೇ ಪದದಲ್ಲಿ ಉತ್ತರ ಕೊಡಲಾಗುವುದಿಲ್ಲ. ಪಾಲುಪಟ್ಟಿಯನ್ನೇ ಬಿಡಿಸಿ ನೋಡಬೇಕು. ಅದಕ್ಕೂ ಮೊದಲು ಮನೆ ಕಟ್ಟಿದ್ದು ಹೇಗೆಂದು ತಿಳಿದಿರಬೇಕು. ಈ ಕಂಪನಿಯ ಬಲವೂ ರೋಗವೂ ಅದರ ಜಾತಕದಲ್ಲೇ ಇದ್ದವು.

1917ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪ್ಲೆಸ್ಸಿ ನೋಂದಣಿಯಾಯಿತು. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. 1919ರ ಆರಂಭದಲ್ಲಿ ನಗರದ ಪೂರ್ವಕ್ಕಿರುವ ಇಲ್‌ಫರ್ಡ್‌ಗೆ ಬಂದು ನೆಲೆಯೂರಿತು. ಆಗ ಎಲೆಕ್ಟ್ರಾನಿಕ್ಸ್ ಎಂಬ ಮಾತೇ ಬಳಕೆಯಲ್ಲಿರಲಿಲ್ಲ. ನಮ್ಮ ಪೀಣ್ಯದಲ್ಲಿ ಜಾಬ್ ವರ್ಕ್ ಹಿಡಿಯುವ ಷೆಡ್ಡು ಇರುತ್ತದಲ್ಲ, ಪ್ಲೆಸ್ಸಿ ಶುರುವಾಗಿದ್ದು ಹಾಗೆ. ಯಾರೋ ನಕ್ಷೆ ಕೊಡುತ್ತಾರೆ, ಇವರು ಲೋಹ ಕೊರೆದು, ಬಗ್ಗಿಸಿ, ಜೋಡಿಸಿ ಕೊಡುತ್ತಾರೆ. ಈ ಷೆಡ್ಡಿನ ಮಿದುಳು ವಿಲಿಯಂ ಆಸ್ಕರ್ ಹೈನೆ ಎಂಬ ಜರ್ಮನ್ ಮೂಲದ ಎಂಜಿನಿಯರ್. ಅದರ ಹಠ ಅಲೆನ್ ಕ್ಲಾರ್ಕ್ ಎಂಬ ಯುವಕನದು. ಅಮೆರಿಕನ್ ತಂದೆ ಹಣ ಹೂಡಿದ್ದರಿಂದ ಅವನು ಒಳಗೆ ಬಂದ. ಮುಂದೆ ಎಪ್ಪತ್ತು ವರ್ಷ, ಕೊನೆಯ ದಿನದವರೆಗೂ, ಕಂಪನಿಯನ್ನು ನಡೆಸಿದ್ದು ಹೆಚ್ಚುಕಡಿಮೆ ಕ್ಲಾರ್ಕ್ ಮನೆತನವೇ.

1920ರ ದಶಕದಲ್ಲಿ ರೇಡಿಯೋ ಬಂತು. ಮಾರ್ಕೋನಿ ಕಂಪನಿ ತನ್ನ ಸೆಟ್ಟುಗಳನ್ನು ಮಾಡಿಕೊಡಲು ಇವರಿಗೆ ಆರ್ಡರ್ ಕೊಟ್ಟಿತು. ಜಾನ್ ಲೋಗಿ ಬೇರ್ಡ್ ತನ್ನ ‘ಟೆಲಿವೈಸರ್’ ಅನ್ನು ಮಾರಾಟಕ್ಕೆ ಇಡಬೇಕೆಂದಾಗ ತಯಾರಿಸಿಕೊಟ್ಟವರೂ ಇವರೇ. ತಗಡಿನ ಡಬ್ಬಿ, ಒಳಗೆ ಗಿರ್ರನೆ ತಿರುಗುವ ತೂತಿನ ತಟ್ಟೆ, ಬದಿಯಲ್ಲಿ ಒಂದು ಮಸೂರ, ಅದರೊಳಗೆ ಅಂಗೈಗಿಂತ ಚಿಕ್ಕದಾದ, 30 ಗೆರೆಗಳ ನಡುಗುವ ಚಿತ್ರ. ಸುಮಾರು 1000 ತಯಾರಾದವು. ಜಗತ್ತಿನಲ್ಲಿ ಅಂಗಡಿಗೆ ಬಂದ ಮೊದಮೊದಲ ಟಿವಿಗಳು ಅವು. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಬೇರ್ಡ್.

ಇನ್ನೊಂದು ಪ್ರಸಂಗ ನನಗೆ ಬಹಳ ಇಷ್ಟ. 1930ರ ದಶಕದಲ್ಲಿ ಬ್ರಿಟನ್ನಿನ ಸಹಕಾರಿ ಅಂಗಡಿಗಳು ಲಾಭದ ಒಂದು ಭಾಗವನ್ನು ಗಿರಾಕಿಗಳಿಗೇ ಹಿಂತಿರುಗಿಸುತ್ತಿದ್ದವು. ನಿಗದಿ ಬೆಲೆಗಿಂತ ಕಡಿಮೆಗೆ ಮಾರಿದ ಹಾಗಾಯಿತೆಂದು ರೇಡಿಯೋ ತಯಾರಕರು ಸಿಟ್ಟಾಗಿ ಅವರಿಗೆ ಸೆಟ್ಟು ಕೊಡುವುದನ್ನೇ ನಿಲ್ಲಿಸಿದರು. ಸಹಕಾರಿಗಳು ತಮ್ಮದೇ ಬ್ರ್ಯಾಂಡ್ ಹೊರತಂದವು, ಅದಕ್ಕೆ ‘ಡಿಫೈಯಂಟ್’ ಎಂದು ಹೆಸರಿಟ್ಟವು. ಸೆಡ್ಡು ಹೊಡೆದವನು ಎಂದೇ ಅರ್ಥ. ಆ ರೇಡಿಯೋ ಮಾಡಿಕೊಟ್ಟಿದ್ದು ಯಾರೆಂದು ಇನ್ನು ಹೇಳಬೇಕಿಲ್ಲ. ಹೀಗೆ ಬ್ರಿಟನ್ನಿನ ಸಾವಿರಾರು ಮನೆಗಳ ಹಜಾರದಲ್ಲಿ ಪ್ಲೆಸ್ಸಿ ಕೂತಿತ್ತು, ಮನೆಯವರಿಗೆ ಅದರ ಹೆಸರು ಗೊತ್ತಿರಲಿಲ್ಲ. ಹೆಸರು ಇನ್ನೊಬ್ಬರದು, ಕೆಲಸ ತಮ್ಮದು, ದುಡ್ಡು ಕೊಡುವವರು ಕೆಲವೇ ಮಂದಿ ದೊಡ್ಡ ಗಿರಾಕಿಗಳು. ಈ ಮೂರು ಅಭ್ಯಾಸಗಳು ಕಂಪನಿಯನ್ನು ಕೊನೆಯವರೆಗೂ ಬಿಡಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಆ ದೊಡ್ಡ ಗಿರಾಕಿ ಸರ್ಕಾರವೇ ಆಯಿತು. ಇಲ್‌ಫರ್ಡ್ ಕಾರ್ಖಾನೆಯ ಮೇಲೆ ಬಾಂಬು ಬೀಳುವ ಭಯ. ಹತ್ತಿರದಲ್ಲೇ ಲಂಡನ್ ಸುರಂಗ ರೈಲಿನ ಸೆಂಟ್ರಲ್ ಲೈನಿಗಾಗಿ ತೋಡಿದ್ದ ಸುರಂಗ ಹಳಿ ಹಾಕದೆ ಬಿದ್ದಿತ್ತು. ವಾನ್‌ಸ್ಟೆಡ್‌ನಿಂದ ಗ್ಯಾಂಟ್ಸ್ ಹಿಲ್ ಕಡೆಗೆ ಸುಮಾರು ಎರಡೂವರೆ ಮೈಲಿ ಉದ್ದದ ಜೋಡಿ ಕೊಳವೆ ಅದು. 1942ರಲ್ಲಿ ಪ್ಲೆಸ್ಸಿ ಅದರೊಳಗೆ ಕಾರ್ಖಾನೆ ಹೂಡಿತು. ಊಹಿಸಿಕೊಳ್ಳಿ: ರೈಲು ಡಬ್ಬಿಯಷ್ಟೇ ಅಗಲದ ಕೋಣೆ, ಉದ್ದ ಮಾತ್ರ ಕಣ್ಣು ಹಾಯುವಷ್ಟು. ಒಂದು ಬದಿಗೆ ಸಾಲು ಬೆಂಚು, ಇನ್ನೊಂದು ಬದಿಗೆ ಸರಂಜಾಮು ಸಾಗಿಸಲು ಆಟಿಕೆಯಂಥ ಸಣ್ಣ ರೈಲು. ಸುಮಾರು 2000 ಜನ, ಹೆಚ್ಚಿನವರು ಹೆಂಗಸರು, ವಿಮಾನಗಳಿಗೆ ಬೇಕಾದ ವೈರಿಂಗು, ಪಂಪು, ರೇಡಿಯೋ ಭಾಗಗಳನ್ನು ಅಲ್ಲಿ ಜೋಡಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಬೆಂಚು ಕಿತ್ತರು, ಹಳಿ ಹಾಕಿದರು, 1947ರ ಡಿಸೆಂಬರಿನಲ್ಲಿ ರೈಲು ಓಡಿತು. ಇವತ್ತು ಆ ದಾರಿಯಲ್ಲಿ ಓಡಾಡುವ ಕನ್ನಡಿಗರೂ ಇದ್ದಾರೆ. ಗ್ಯಾಂಟ್ಸ್ ಹಿಲ್‌ನಲ್ಲಿ ಇಳಿಯುವಾಗ ಒಮ್ಮೆ ಪ್ಲಾಟ್‌ಫಾರ್ಮಿನ ಆಚೆಗಿನ ಕತ್ತಲೆ ಕಡೆ ಕಣ್ಣು ಹಾಯಿಸಿ.

ಇನ್ನು ನಿಮ್ಮ ಅಟ್ಟದ ವಿಷಯಕ್ಕೆ ಬರುತ್ತೇನೆ. ಎಟಿಇ ಎಂದರೆ ಆಟೋಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿ. ಇದರ ಹುಟ್ಟು 1911ರಲ್ಲಿ, ಲಿವರ್‌ಪೂಲ್‌ನ ಎಡ್ಜ್ ಲೇನ್‌ನಲ್ಲಿ. ಅಮೆರಿಕದ ಸ್ಟ್ರೋಜರ್ ಪದ್ಧತಿಯ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜನ್ನು ಬ್ರಿಟನ್ನಿನಲ್ಲಿ ತಯಾರಿಸುವ ಹಕ್ಕು ಪಡೆದೇ ಅದು ಶುರುವಾಗಿದ್ದು. ಕಾರ್ಖಾನೆಗೇ ಸ್ಟ್ರೋಜರ್ ವರ್ಕ್ಸ್ ಎಂದು ಹೆಸರು. ಆ ಸ್ಟ್ರೋಜರ್ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದವನು. ಊರಿನ ಟೆಲಿಫೋನ್ ಆಪರೇಟರ್ ಅವನ ಪ್ರತಿಸ್ಪರ್ಧಿಯ ಹೆಂಡತಿ, ಸಾವಿನ ಕರೆಗಳನ್ನೆಲ್ಲ ಗಂಡನಿಗೇ ತಿರುಗಿಸುತ್ತಿದ್ದಳು, ಅದಕ್ಕೇ ಆಪರೇಟರೇ ಬೇಡವೆಂದು ಯಂತ್ರ ಕಂಡುಹಿಡಿದ ಎಂಬ ಕಥೆ ನಮ್ಮ ಎಕ್ಸ್‌ಚೇಂಜುಗಳಲ್ಲೂ ಚಾಲ್ತಿಯಲ್ಲಿತ್ತು. ಕಥೆ ನಿಜವೋ ಅಲ್ಲವೋ, 1891ರ ಪೇಟೆಂಟ್ ಅಂತೂ ಅವನದೇ.

1948ರಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಸಾರ್ವಜನಿಕ ಉದ್ಯಮವಾಗಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಟ್ಟಲು ಹೊರಟಾಗ ತಾಂತ್ರಿಕ ಒಪ್ಪಂದ ಮಾಡಿಕೊಂಡಿದ್ದು ಈ ಎಟಿಇ ಜೊತೆ. ಹಳೇ ಮದ್ರಾಸ್ ರಸ್ತೆಯ ಆ ಬಯಲಿಗೆ ನಕ್ಷೆ, ಅಚ್ಚು, ಯಂತ್ರಭಾಗ ಎಲ್ಲ ಲಿವರ್‌ಪೂಲ್‌ನಿಂದ ಬಂದವು. ಮೊದಲು ಬಂದದ್ದನ್ನು ಜೋಡಿಸುವುದು, ಆಮೇಲೆ ಒಂದೊಂದೇ ಭಾಗವನ್ನು ಇಲ್ಲೇ ಮಾಡುವುದು. ನಿಮ್ಮ ತಂದೆಯ ಪೀಳಿಗೆಯವರ ಬಾಯಲ್ಲಿ ಸೆಲೆಕ್ಟರ್, ವೈಪರ್, ರಿಲೇ, ಬ್ಯಾಂಕ್ ಎಂಬ ಪದಗಳು ಅಕ್ಕಿ, ಬೇಳೆ, ಉಪ್ಪು ಎಂಬಷ್ಟು ಸಲೀಸಾಗಿ ಬರುತ್ತಿದ್ದವು.

ನೀವು ಚಿತ್ರ ಕಳಿಸಿಲ್ಲ. ಆದರೂ ಭಾರ, ಲಿವರ್‌ಪೂಲ್ ಅಚ್ಚು, ಅದನ್ನು ಇಟ್ಟುಕೊಂಡವರು ಐಟಿಐನವರು ಎಂಬುದನ್ನೆಲ್ಲ ಕೂಡಿಸಿದರೆ, ನಿಮ್ಮ ಹತ್ತಿರ ಇರುವುದು ಬಹುಶಃ ಎರಡು ಚಲನೆಯ ಸೆಲೆಕ್ಟರ್. ನಡುವೆ ನಿಂತ ಒಂದು ಉಕ್ಕಿನ ದಂಡ, ಅದರ ಮೇಲೆ ಗರಗಸದಂಥ ಹಲ್ಲು, ತುದಿಯಲ್ಲಿ ತೆಳ್ಳಗಿನ ಲೋಹದ ನಾಲಿಗೆಗಳು ಇದ್ದರೆ ಅದೇ. ಹಳೇ ಕಪ್ಪು ಫೋನಿನಲ್ಲಿ 4ರ ತೂತಿಗೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ ತಟ್ಟೆ ವಾಪಸಾಗುವಾಗ ತಂತಿಯಲ್ಲಿನ ವಿದ್ಯುತ್ತು ನಾಲ್ಕು ಸಲ ಕಡಿದು ಕೂಡುತ್ತದೆ. ಎಕ್ಸ್‌ಚೇಂಜಿನಲ್ಲಿ ಆ ದಂಡ ಟಕ್ ಟಕ್ ಟಕ್ ಟಕ್ ಎಂದು ನಾಲ್ಕು ಮೆಟ್ಟಿಲು ಏರಿ ನಿಲ್ಲುತ್ತದೆ. ಆಮೇಲೆ ತಾನೇ ಪಕ್ಕಕ್ಕೆ ಹೊರಳಿ, ಆ ಮಟ್ಟದ ಹತ್ತು ಸಂಪರ್ಕಗಳ ಮೇಲೆ ನಾಲಿಗೆ ಸವರುತ್ತಾ ಹೋಗಿ, ಖಾಲಿ ಇರುವ ಮೊದಲನೆಯದರ ಮೇಲೆ ಕೂರುತ್ತದೆ. ಮುಂದಿನ ಅಂಕಿ ಅಲ್ಲಿಂದಾಚೆಗಿನ ಸೆಲೆಕ್ಟರಿನ ಪಾಲು. ಏರಲು ಹತ್ತು ಮಟ್ಟ, ಹೊರಳಲು ಹತ್ತು ಜಾಗ, ಒಟ್ಟು ನೂರು ದಾರಿ. ಸೊನ್ನೆಗೆ ಹತ್ತು ಬಡಿತ. ಸರ್ಕ್ಯೂಟ್ ನಕ್ಷೆ ಓದಲು ಬಾರದವನಿಗೂ ಕರೆ ನಡೆದುಕೊಂಡು ಹೋಗುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ನಾನು ಕೆಲಸ ಕಲಿತದ್ದು ಇಂಥ ಎಕ್ಸ್‌ಚೇಂಜಿನಲ್ಲೇ. ಬೆಳಿಗ್ಗೆ ಹತ್ತು ಗಂಟೆಗೆ ಆಫೀಸುಗಳು ತೆರೆಯುತ್ತಿದ್ದಂತೆ ಆ ಹಾಲಿನಲ್ಲಿ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದೇಳುತ್ತಿತ್ತು. ಅರ್ಧ ರಾತ್ರಿಯಲ್ಲಿ ಎಲ್ಲೋ ಒಂದು ಟಕ್ ಟಕ್ ಕೇಳಿಸಿದರೆ, ಯಾರ ಮನೆಯಲ್ಲಿ ಏನಾಯಿತೋ ಎಂದು ನಮ್ಮ ಎದೆಯಲ್ಲಿ ಒಂದು ಕ್ಷಣ ಅಳುಕು.

ಮತ್ತೆ ಇಲ್‌ಫರ್ಡ್‌ಗೆ. 1961ರಲ್ಲಿ ಪ್ಲೆಸ್ಸಿ ಎರಡು ಕಂಪನಿಗಳನ್ನು ಒಟ್ಟಿಗೆ ನುಂಗಿತು. ಒಂದು ಲಿವರ್‌ಪೂಲ್‌ನ ಎಟಿಇ, ಇನ್ನೊಂದು ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್‌ನ ಎರಿಕ್‌ಸನ್ ಟೆಲಿಫೋನ್ಸ್. ಸ್ವೀಡನ್ನಿನ ಎರಿಕ್‌ಸನ್ ಇದನ್ನು ಹುಟ್ಟುಹಾಕಿದ್ದು ನಿಜ, ಅಷ್ಟು ಹೊತ್ತಿಗೆ ಅವರು ಕೈತೊಳೆದುಕೊಂಡಿದ್ದರು. ಈ ಹೆಸರು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಎರಡನ್ನೂ ಯಾಕೆ ಕೊಂಡರು ಎಂಬುದರಲ್ಲೇ ಮುಂದಿನ ಕಥೆಯೆಲ್ಲ ಅಡಗಿದೆ. ಆಗ ಬ್ರಿಟನ್ನಿನ ಟೆಲಿಫೋನ್ ಹೆಚ್ಚುಕಡಿಮೆ ಪೂರ್ತಿ ಸರ್ಕಾರದ ಪೋಸ್ಟ್ ಆಫೀಸಿನ ಕೈಯಲ್ಲಿತ್ತು. ಎಕ್ಸ್‌ಚೇಂಜ್ ಸಾಮಾನನ್ನು ಅದು ಟೆಂಡರ್ ಕರೆದು ಕೊಳ್ಳುತ್ತಿರಲಿಲ್ಲ. 1920ರ ದಶಕದಿಂದ 1960ರ ದಶಕದ ಕೊನೆಯವರೆಗೆ ಕೆಲವೇ ತಯಾರಕರ ಒಂದು ಕೂಟಕ್ಕೆ, ಮೊದಲೇ ಒಪ್ಪಿಕೊಂಡ ಬೆಲೆಗೆ, ಆರ್ಡರ್ ಹಂಚಿಕೆಯಾಗುತ್ತಿತ್ತು. ಯುದ್ಧಾನಂತರ ಆ ಕೂಟದಲ್ಲಿದ್ದದ್ದು ಐದು ಕಂಪನಿ. ಹೊರಗಿನವರಿಗೆ ಎಲೆ ಹಾಕುವ ಪದ್ಧತಿಯೇ ಇರಲಿಲ್ಲ. ಎಟಿಇ ಮತ್ತು ಎರಿಕ್‌ಸನ್ ಅಂಥ ಎರಡು ಎಲೆಗಳು. ಪ್ಲೆಸ್ಸಿ ಎರಡನ್ನೂ ಕೊಂಡಿತು. ಕಾರ್ಖಾನೆಗಿಂತ ಹೆಚ್ಚಾಗಿ ಅದು ಕೊಂಡಿದ್ದು ಪಂಕ್ತಿಯಲ್ಲಿ ಜಾಗವನ್ನು.

ಹೊತ್ತು ಹೊತ್ತಿಗೆ ಬಡಿಸಿದ ಊಟ ಉಂಡವರಿಗೆ ಅಡುಗೆ ಕಲಿಯುವ ಆತುರ ಇರುವುದಿಲ್ಲ. 1962ರ ಕೊನೆಯಲ್ಲಿ ಪೋಸ್ಟ್ ಆಫೀಸು ಮತ್ತು ತಯಾರಕರು ಸೇರಿ ಲಂಡನ್ನಿನ ಹೈಗೇಟ್ ವುಡ್‌ನಲ್ಲಿ ಪೂರ್ತಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಒಂದನ್ನು ತೆರೆದರು. ಒಂದೇ ನೆಗೆತಕ್ಕೆ ಹಳ್ಳ ದಾಟುವ ಯೋಚನೆ. ಅದು ಸೋತಿತು. ಕೈ ಸುಟ್ಟುಕೊಂಡ ಮೇಲೆ ಎಲ್ಲರೂ ಗೊತ್ತಿದ್ದ ಸ್ಟ್ರೋಜರಿಗೇ ಮರಳಿದರು. ಹೊರಗೆ ಸ್ವೀಡನ್, ಅಮೆರಿಕ, ಜಪಾನು ಕ್ರಾಸ್‌ಬಾರ್ (ಅಡ್ಡ-ಉದ್ದ ಪಟ್ಟಿಗಳಿಂದ ಕರೆ ಕೂಡಿಸುವ, ಸ್ಟ್ರೋಜರ್ ನಂತರದ ಬಗೆ) ದಾಟಿ ಕಂಪ್ಯೂಟರ್ ನಿಯಂತ್ರಣದ ಕಡೆ ಹೊರಟಿದ್ದಾಗ ಲಿವರ್‌ಪೂಲ್‌ನಲ್ಲಿ ಇನ್ನೂ ಉಕ್ಕಿನ ದಂಡಗಳು ಮೆಟ್ಟಿಲೇರುತ್ತಿದ್ದವು. ದೂರವಾಣಿನಗರವೂ ಆ ಹೊತ್ತಿಗೆ ಕ್ರಾಸ್‌ಬಾರಿಗಾಗಿ ಬೆಲ್ಜಿಯಂ ಕಡೆ ಮುಖ ಮಾಡಿತ್ತು. ಆ ಯಂತ್ರ ನಮ್ಮ ಊರುಗಳ ಕರೆಗಳ ಭರಾಟೆ ತಾಳದೆ ಒದ್ದಾಡಿದ್ದು ಬೇರೆ ಪುರಾಣ.

ಪ್ಲೆಸ್ಸಿಗೆ ಬುದ್ಧಿ ಕಡಿಮೆಯಿತ್ತು ಎಂದು ಮಾತ್ರ ತಿಳಿಯಬೇಡಿ. ನಾರ್ಥ್‌ಯಾಂಪ್ಟನ್‌ಷೈರ್‌ನ ಕ್ಯಾಸ್‌ವೆಲ್ ಎಂಬ ಹಳ್ಳಿಯಲ್ಲಿ ಅದರ ಸಂಶೋಧನಾ ಕೇಂದ್ರವಿತ್ತು. ಸರ್ಕಾರಿ ರಾಡಾರ್ ಸಂಸ್ಥೆಯ ಜೆಫ್ರಿ ಡಮ್ಮರ್ ಎಂಬ ಎಂಜಿನಿಯರ್ 1952ರಲ್ಲೇ, ತಂತಿಗಳಿಲ್ಲದೆ ಇಡೀ ಸರ್ಕ್ಯೂಟನ್ನು ಒಂದೇ ಘನ ತುಂಡಿನಲ್ಲಿ ಮಾಡಬಹುದು ಎಂದಿದ್ದ. ಅದನ್ನು ಮಾಡಿ ತೋರಿಸುವ ಗುತ್ತಿಗೆ 1957ರಲ್ಲಿ ಸಿಕ್ಕಿದ್ದು ಪ್ಲೆಸ್ಸಿಗೆ. ಅದೇ ಸೆಪ್ಟೆಂಬರಿನಲ್ಲಿ ಮಾಲ್ವರ್ನ್‌ನಲ್ಲಿ ಒಂದು ಮಾದರಿಯನ್ನು ಪ್ರದರ್ಶಿಸಿದರು. ಕೆಲಸ ಮಾಡುವ ಚಿಪ್ಪಲ್ಲ, ಹೀಗಿರಬಹುದು ಎಂದು ತೋರಿಸುವ ದೊಡ್ಡ ಗಾತ್ರದ ಮಾದರಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಜಾಕ್ ಕಿಲ್ಬಿ ತನ್ನ ಚಿಪ್ಪನ್ನು ತೋರಿಸಿದ್ದು ಅದಾದ ಒಂದು ವರ್ಷಕ್ಕೆ. ಅವನದು ಕೆಲಸ ಮಾಡಿತು. ಅಮೆರಿಕದಲ್ಲಿ ಅದಕ್ಕೆ ಬೆನ್ನು ಕೊಡುವ ಸೇನೆ, ಬಾಹ್ಯಾಕಾಶದ ಹಣ ಇತ್ತು. ಬ್ರಿಟನ್ನಿನಲ್ಲಿ ಜನ ಮಾದರಿ ನೋಡಿ ತಲೆದೂಗಿ ಮನೆಗೆ ಹೋದರು. 1976ರಲ್ಲಿ ಅದೇ ಕ್ಯಾಸ್‌ವೆಲ್‌ನಲ್ಲಿ ಗ್ಯಾಲಿಯಂ ಆರ್ಸೆನೈಡ್ ಮೇಲೆ ಇಡೀ ಮೈಕ್ರೋವೇವ್ ಆಂಪ್ಲಿಫೈಯರ್ ಅನ್ನು ಒಂದೇ ಚಿಪ್ಪಾಗಿ ಮಾಡಿದರು. ಆ ಬಗೆಯಲ್ಲಿ ಅದೇ ಮೊದಲು. ಅವರ ‘ಸಿಸ್ಟಮ್ 250’ ಎಂಬ ಕಂಪ್ಯೂಟರ್ ಇನ್ನೊಂದು ವಿಶೇಷ. ಒಂದು ಪ್ರೋಗ್ರಾಮ್ ತನಗೆ ಅಧಿಕಾರ ಇಲ್ಲದ ಮೆಮೊರಿಗೆ ಕೈಹಾಕದಂತೆ ಯಂತ್ರದೊಳಗೇ ಕಾವಲು ಕಟ್ಟಿದ್ದ, ಬಳಕೆಗೆ ಬಂದ ಮೊದಲ ಕಂಪ್ಯೂಟರ್ ಅದು. ಇವತ್ತಿನ ಸೈಬರ್ ಭದ್ರತೆಯವರು ಈ ಉಪಾಯವನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಪ್ಲೆಸ್ಸಿಯಲ್ಲಿ ಅದು ಬ್ರಿಟಿಷ್ ಸೇನೆಯ ಟಾರ್ಮಿಗನ್ ಎಂಬ ಸಂಪರ್ಕ ಜಾಲದೊಳಗೆ ಸೇರಿಕೊಂಡು ಸಾರ್ವಜನಿಕರ ಕಣ್ಣಿನಿಂದ ಮರೆಯಾಯಿತು.

ನನ್ನ ಅಭಿಪ್ರಾಯ ಕೇಳಿದರೆ, ಕ್ಯಾಸ್‌ವೆಲ್‌ನ ತಲೆ ಮತ್ತು ಇಲ್‌ಫರ್ಡ್‌ನ ಕೈ ನಡುವೆ ಅಂಗಡಿ ಎಂಬುದೊಂದು ಇರಲೇ ಇಲ್ಲ. ಸಾಮಾನ್ಯ ಜನರಿಗೆ ತನ್ನ ಹೆಸರಿನಲ್ಲಿ ಏನನ್ನಾದರೂ ಮಾರುವುದನ್ನು ಪ್ಲೆಸ್ಸಿ ಕಲಿಯಲಿಲ್ಲ. ಗ್ಯಾರಾರ್ಡ್‌ನ ಕಥೆ ನೋಡಿ. ಗ್ರಾಮಫೋನ್ ತಟ್ಟೆ ತಿರುಗಿಸುವ ಯಂತ್ರಕ್ಕೆ ಜಗತ್ತಿನಲ್ಲೇ ಹೆಸರಾದ ಸ್ವಿಂಡನ್ನಿನ ಈ ಕಂಪನಿಯನ್ನು 1960ರಲ್ಲಿ ಪ್ಲೆಸ್ಸಿ ಕೊಂಡಿತು. ಜಪಾನಿನ ಪೈಪೋಟಿ ಬಂದಾಗ ಏನು ಮಾಡಬೇಕೆಂದು ತೋಚದೆ 1979ರಲ್ಲಿ ಬ್ರೆಜಿಲ್‌ನ ಗ್ರಾಡಿಯೆಂಟೆಗೆ ಮಾರಿ ಕೈತೊಳೆದುಕೊಂಡಿತು. ಹಳೇ ಗ್ಯಾರಾರ್ಡ್ 301 ಸಿಕ್ಕರೆ ಇವತ್ತಿಗೂ ಸಂಗೀತದ ಹುಚ್ಚರು ಮುಗಿಬಿದ್ದು ಕೊಳ್ಳುತ್ತಾರೆ.

ಅಲೆನ್ ಕ್ಲಾರ್ಕ್ 1962ರಲ್ಲಿ ತೀರಿಕೊಂಡ. ಮಕ್ಕಳಾದ ಜಾನ್ ಮತ್ತು ಮೈಕೆಲ್ ಚುಕ್ಕಾಣಿ ಹಿಡಿದರು. 1965ರಲ್ಲಿ ಡೆಕ್ಕಾ ಕಂಪನಿಯ ದೊಡ್ಡ ರಾಡಾರ್‌ಗಳ ವಿಭಾಗ ಕೈಗೆ ಬಂತು. 1968ರಲ್ಲಿ ತನಗಿಂತ ದೊಡ್ಡದಾದ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯನ್ನೇ ಕೊಳ್ಳಲು ಹೊರಟರು. ಆ ಕಂಪನಿ ಇವರ ಕೈಗೆ ಸಿಗುವುದರ ಬದಲು ಜಿಇಸಿ ಎಂಬ ಇನ್ನೊಂದು ದೈತ್ಯನ ಮಡಿಲಿಗೆ ಹಾರಿತು. ಜಿಇಸಿಯ ಯಜಮಾನ ಆರ್ನಾಲ್ಡ್ ವೈನ್‌ಸ್ಟಾಕ್. ಪೈಸೆ ಪೈಸೆ ಲೆಕ್ಕ ಹಾಕುವವನು, ದೊಡ್ಡ ಗಂಟು ಕೂಡಿಟ್ಟುಕೊಂಡವನು. ಜಾನ್ ಕ್ಲಾರ್ಕ್‌ಗೂ ವೈನ್‌ಸ್ಟಾಕ್‌ಗೂ ಹಾಸುಹೊಕ್ಕಾದ ಜಗಳ ಆಮೇಲೆ ಇಪ್ಪತ್ತು ವರ್ಷ ನಡೆಯಿತು. ತಮಾಷೆಯೆಂದರೆ ಆ ಇಪ್ಪತ್ತು ವರ್ಷದಲ್ಲಿ ಇಬ್ಬರೂ ಒಂದೇ ಬಂಡಿಗೆ ಹೂಡಿದ ಎತ್ತುಗಳೂ ಆಗಿದ್ದರು.

ಆ ಬಂಡಿ ಸಿಸ್ಟಮ್ ಎಕ್ಸ್. ಪೂರ್ತಿ ಡಿಜಿಟಲ್ ಎಕ್ಸ್‌ಚೇಂಜ್. ಪೋಸ್ಟ್ ಆಫೀಸು, ಪ್ಲೆಸ್ಸಿ, ಜಿಇಸಿ, ಎಸ್‌ಟಿಸಿ ಎಂಬ ಇನ್ನೊಂದು ಟೆಲಿಫೋನ್ ಕಂಪನಿ, ಈ ನಾಲ್ವರೂ ಕೂಡಿ ರೂಪಿಸಿದ್ದು. ಮೊದಲನೆಯದು ಲಂಡನ್ನಿನ ಬೇನಾರ್ಡ್ ಹೌಸ್‌ನಲ್ಲಿ 1980ರಲ್ಲಿ ಚಾಲೂ ಆಯಿತು. ಕುದುರೆ ಮಾಡಲು ಕೂತ ಸಮಿತಿ ಒಂಟೆ ಮಾಡಿತು ಎಂಬ ಮಾತಿದೆಯಲ್ಲ, ಅಂಥ ಸಮಿತಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿಯಿತು ಅನ್ನಿ. 1982ರಲ್ಲಿ ಎಸ್‌ಟಿಸಿ ಹೊರಬಿತ್ತು, ಪ್ಲೆಸ್ಸಿ ಮುಖ್ಯ ಗುತ್ತಿಗೆದಾರನಾಯಿತು. ಯಂತ್ರ ಚೆನ್ನಾಗಿಯೇ ಇತ್ತು, ದಶಕಗಳ ಕಾಲ ದುಡಿಯಿತು. ತಡವಾಗಿ ಬಂತು ಎಂಬುದೇ ದೋಷ. ಅಷ್ಟರಲ್ಲಿ ಹೊರದೇಶದ ಸಂತೆಯಲ್ಲಿ ಒಳ್ಳೆಯ ಜಾಗಗಳೆಲ್ಲ ಹೋಗಿದ್ದವು. ಪೋಸ್ಟ್ ಆಫೀಸಿನಿಂದ ಬೇರೆಯಾಗಿದ್ದ ಬ್ರಿಟಿಷ್ ಟೆಲಿಕಾಂ (ಬಿಟಿ) 1984ರಲ್ಲಿ ಖಾಸಗಿಯಾಯಿತು. ಮರುವರ್ಷವೇ ಅದು ಎರಡನೇ ಸರಬರಾಜುದಾರನಾಗಿ ಸ್ವೀಡನ್ನಿನ ಎರಿಕ್‌ಸನ್‌ನ ಎಎಕ್ಸ್‌ಇ ಯಂತ್ರವನ್ನು ಒಳಗೆ ಬಿಟ್ಟುಕೊಂಡಿತು. ಜನ ಅದಕ್ಕೆ ‘ಸಿಸ್ಟಮ್ ವೈ’ ಎಂದು ಅಡ್ಡಹೆಸರಿಟ್ಟರು. ಪಂಕ್ತಿಭೋಜನ ಮುಗಿದಿತ್ತು.

ಈ ನಡುವೆ ದಂಡ, ಚಕ್ರ ಜೋಡಿಸುತ್ತಿದ್ದ ಸಾವಿರಾರು ಕೈಗಳು ಬೇಡವಾದವು. ಡಿಜಿಟಲ್ ಎಕ್ಸ್‌ಚೇಂಜ್ ಮಾಡಲು ಅಷ್ಟು ಜನ ಬೇಕಿಲ್ಲ. ಲಿವರ್‌ಪೂಲ್ ಆ ಪೆಟ್ಟನ್ನು ಚೆನ್ನಾಗಿ ಉಂಡಿತು. ಸ್ಕಾಟ್ಲೆಂಡಿನ ಬಾತ್‌ಗೇಟ್‌ನಲ್ಲಿ ಪ್ಲೆಸ್ಸಿಯ ಕೆಪಾಸಿಟರ್ ಕಾರ್ಖಾನೆ ಇತ್ತು. 1982ರ ಜನವರಿಯಲ್ಲಿ ಅದನ್ನು ಮುಚ್ಚುತ್ತೇವೆ ಎಂದಾಗ ಸುಮಾರು 220 ಜನ, ಬಹುಪಾಲು ಹೆಂಗಸರು, ಹೊರಗೆ ಧರಣಿ ಕೂರಲಿಲ್ಲ, ಒಳಗೇ ಕೂತರು. ಯಂತ್ರಗಳನ್ನು ಸಾಗಿಸಲು ಬಿಡದೆ ಸುಮಾರು ಎಂಟು ವಾರ ಪಾಳಿ ಹಾಕಿಕೊಂಡು ಕಾದರು. ಕಂಪನಿ ಕೋರ್ಟಿಗೆ ಹೋಗಿ ಅತಿಕ್ರಮಣದ ಕಾನೂನು ಎತ್ತಿತು. ಕೆಲಸಗಾರರಾಗಿ ಒಳಗೆ ಬಂದವರ ಮೇಲೆ ಆ ಕಾಯ್ದೆ ನಿಲ್ಲಲಿಲ್ಲ. ಕೊನೆಗೆ ಕಾರ್ಖಾನೆಯನ್ನು ಇನ್ನೊಂದು ಕಂಪನಿ ಕೊಂಡಿತು, ಕೆಲವರ ಕೆಲಸ ಉಳಿಯಿತು.

ಇನ್ನು ಪಾಲುಪಟ್ಟಿ. 1985ರ ಡಿಸೆಂಬರಿನಲ್ಲಿ ವೈನ್‌ಸ್ಟಾಕ್ ಪ್ಲೆಸ್ಸಿಗೆ ಸುಮಾರು 120 ಕೋಟಿ ಪೌಂಡ್ ಬೆಲೆ ಕಟ್ಟಿದ. ಏಕಸ್ವಾಮ್ಯ ಆಯೋಗ 1986ರಲ್ಲಿ ಬೇಡವೆಂದಿತು. ಎರಡೂ ಒಂದಾದರೆ ನಾವು ಚೌಕಾಸಿ ಮಾಡುವುದು ಯಾರ ಹತ್ತಿರ ಎಂದು ರಕ್ಷಣಾ ಇಲಾಖೆ ಕೂಗೆಬ್ಬಿಸಿತ್ತು. 1988ರ ಏಪ್ರಿಲ್‌ನಲ್ಲಿ ಇಬ್ಬರ ಟೆಲಿಫೋನ್ ವ್ಯವಹಾರ ಮಾತ್ರ ಸೇರಿ ಜಿಪಿಟಿ ಎಂಬ ಸಮಪಾಲಿನ ಕಂಪನಿಯಾಯಿತು. ಜಗಳಗಂಟರು ಒಂದೇ ಒಲೆ ಹಂಚಿಕೊಂಡರು ಎಂದುಕೊಳ್ಳುವಷ್ಟರಲ್ಲಿ, ಅದೇ ನವೆಂಬರಿನಲ್ಲಿ ವೈನ್‌ಸ್ಟಾಕ್ ಜರ್ಮನಿಯ ಸೀಮೆನ್ಸ್ ಕೈಹಿಡಿದು ಮತ್ತೆ ಬಂದ. ಬೆಲೆ 170 ಕೋಟಿ ಪೌಂಡ್. ಜಾನ್ ಕ್ಲಾರ್ಕ್ ಎದುರೇಟು ಹಾಕಿದ: ನುಂಗಲು ಬಂದವನನ್ನೇ ನುಂಗುತ್ತೇನೆಂದು 1989ರ ಜನವರಿಯಲ್ಲಿ ಮೆಟ್ಸನ್ ಎಂಬ ಕೂಟವನ್ನು ಮುಂದೆ ಬಿಟ್ಟ. ಗುರಿ ಜಿಇಸಿಯೇ. ದುಡ್ಡು ಹಾಕುವ ದೊಡ್ಡವರು ಬರಲಿಲ್ಲ, ಬಲೂನು ಒಡೆಯಿತು. ಆಗಸ್ಟಿನಲ್ಲಿ ಬೆಲೆ 200 ಕೋಟಿ ಪೌಂಡಿಗೆ ಏರಿತು. ಷೇರುದಾರರಿಗೆ ಇನ್ನೇನು ಬೇಕು? ಸೆಪ್ಟೆಂಬರಿನಲ್ಲಿ ಪ್ಲೆಸ್ಸಿ ಪಾಲಾಯಿತು.

ರಾಡಾರ್ ಮತ್ತು ನೆಲದ ಮೇಲಿನ ರಕ್ಷಣಾ ಸಾಮಗ್ರಿ ಸೀಮೆನ್ಸ್‌ಗೆ, ವಿಮಾನ ಮತ್ತು ಹಡಗಿನ ಉಪಕರಣ ಜಿಇಸಿಗೆ, ಚಿಪ್ಪುಗಳೂ ಜಿಇಸಿಗೆ. ಟೆಲಿಫೋನಿನ ಜಿಪಿಟಿಯಲ್ಲಿ ನೂರಕ್ಕೆ 60 ಪಾಲು ಜಿಇಸಿಗೆ, 40 ಸೀಮೆನ್ಸ್‌ಗೆ.

ಒಂದೊಂದು ಪಾಲಿನ ಗತಿ ಒಂದೊಂದು ಬಗೆ. ರಾಡಾರ್ ಪಾಲು ಸೀಮೆನ್ಸ್‌ನಿಂದ 1990ರ ದಶಕದ ಕೊನೆಯಲ್ಲಿ ಬ್ರಿಟಿಷ್ ಏರೋಸ್ಪೇಸ್‌ಗೆ ಹೋಯಿತು. ಐಲ್ ಆಫ್ ವೈಟ್ ದ್ವೀಪದ ಕೌಸ್‌ನಲ್ಲಿ ಪ್ಲೆಸ್ಸಿಯವರು ಶುರುಮಾಡಿದ್ದ ಪ್ರಯೋಗ ಬೆಳೆದು ಸ್ಯಾಂಪ್ಸನ್ ರಾಡಾರ್ ಆಗಿ, ಬ್ರಿಟಿಷ್ ನೌಕಾಪಡೆಯ ಟೈಪ್ 45 ಯುದ್ಧನೌಕೆಗಳ ನೆತ್ತಿಯ ಮೇಲೆ ದುಂಡಗೆ ತಿರುಗುತ್ತಿದೆ. ರೋಕ್ ಮ್ಯಾನರ್ ಎಂಬ ಇನ್ನೊಂದು ಸಂಶೋಧನಾಲಯ ಸೀಮೆನ್ಸ್‌ನಿಂದ 2010ರಲ್ಲಿ ಕೆಮ್‌ರಿಂಗ್ ಕೈ ಸೇರಿತು. ಕ್ಯಾಸ್‌ವೆಲ್ ಬುಕ್‌ಹ್ಯಾಮ್, ಒಕ್ಲಾರೊ, ಲುಮೆಂಟಮ್ ಎಂದು ಯಜಮಾನರನ್ನು ಬದಲಿಸುತ್ತಾ ಫೈಬರ್ ಕೇಬಲ್ಲುಗಳಿಗೆ ಬೇಕಾದ ಬೆಳಕಿನ ಚಿಪ್ಪುಗಳ ಕಾರ್ಖಾನೆಯಾಯಿತು.

ಟೆಲಿಫೋನ್ ಪಾಲಿಗೆ ಬಂದದ್ದು ಕೆಟ್ಟ ಗತಿ. ವೈನ್‌ಸ್ಟಾಕ್ 1996ರಲ್ಲಿ ನಿವೃತ್ತನಾದ. ಬಂದವರು ಅವನು ಕೂಡಿಟ್ಟ ಗಂಟು ಬಿಚ್ಚಿ, ರಕ್ಷಣಾ ವಿಭಾಗ ಮಾರಿ, ಜಿಇಸಿಗೇ ಮಾರ್ಕೋನಿ ಎಂದು ಹೊಸ ಹೆಸರಿಟ್ಟು, ಡಾಟ್‌ಕಾಂ ಅಬ್ಬರದ ನೆತ್ತಿಯಲ್ಲಿ ಅಮೆರಿಕದ ಕಂಪನಿಗಳನ್ನು ಬಾಯಿಗೆ ಬಂದ ಬೆಲೆಗೆ ಕೊಂಡರು. 2000ದಲ್ಲಿ 12 ಪೌಂಡ್ ದಾಟಿದ್ದ ಷೇರು ಎರಡೇ ವರ್ಷದಲ್ಲಿ ಕೆಲವು ಪೆನ್ಸ್‌ಗೆ ಇಳಿಯಿತು. 2003ರಲ್ಲಿ ಸಾಲ ಕೊಟ್ಟವರು ಕಂಪನಿಯನ್ನು ತಮ್ಮದಾಗಿಸಿಕೊಂಡಾಗ ಹಳೇ ಷೇರುದಾರರಿಗೆ ಉಳಿದದ್ದು ಶೇಕಡಾ 0.5 ಪಾಲು ಮಾತ್ರ. 2005ರ ಏಪ್ರಿಲ್‌ನಲ್ಲಿ ಬಿಟಿ ತನ್ನ ಹೊಸ ಜಾಲಕ್ಕೆ ಸರಬರಾಜುದಾರರನ್ನು ಆರಿಸಿತು. ಚೀನಾದ ಹುವಾವೇಗೆ ಜಾಗ ಸಿಕ್ಕಿತು, ಮಾರ್ಕೋನಿಗೆ ಸಿಗಲಿಲ್ಲ. ಅದೇ ಕೊನೆ. ವರ್ಷ ಮುಗಿಯುವ ಮೊದಲೇ ಅದರ ಬಹುಭಾಗವನ್ನು ಸುಮಾರು 120 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದು ಎರಿಕ್‌ಸನ್. 1961ರಲ್ಲಿ ಪ್ಲೆಸ್ಸಿ ಯಾರ ಹಳೇ ಮರಿಯನ್ನು ನುಂಗಿತ್ತೋ ಅದೇ ಎರಿಕ್‌ಸನ್. “ಮುಳುಗೋಯ್ತು” ಎಂದ ಹಿರಿಯರ ಮನಸ್ಸಿನಲ್ಲಿದ್ದದ್ದು ಬಹುಶಃ ಈ ಮಾರ್ಕೋನಿಯ ಮುಳುಗಾಟ.

ನೀವು ಓದಿದ ಎಲ್‌ಇಡಿ ಕಂಪನಿ ಚಿಪ್ಪಿನ ಪಾಲಿನ ಕವಲು. ಪ್ಲಿಮತ್‌ನಲ್ಲಿ ಪ್ಲೆಸ್ಸಿ ಕಟ್ಟಿದ್ದ ಚಿಪ್ಪಿನ ಕಾರ್ಖಾನೆಯನ್ನು ಜಿಇಸಿ 1998ರಲ್ಲಿ ಕೆನಡಾದ ಮಿಟೆಲ್‌ಗೆ ಮಾರಿತು. ಮಿಟೆಲ್ ಝಾರ್ಲಿಂಕ್ ಆಯಿತು, ಝಾರ್ಲಿಂಕ್ ಅದನ್ನು ಎಕ್ಸ್-ಫ್ಯಾಬ್‌ಗೆ ದಾಟಿಸಿತು. ಆಮೇಲೆ ಹೊಸ ಹೂಡಿಕೆದಾರರು ಕೊಂಡು ಹಳೇ ಹೆಸರನ್ನು ಧೂಳು ಕೊಡವಿ ಮತ್ತೆ ಬಾಗಿಲಿಗೆ ಹಾಕಿದರು. 2012ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಂತ್ರವೊಂದನ್ನು, ಸಿಲಿಕಾನ್ ಮೇಲೆ ಗ್ಯಾಲಿಯಂ ನೈಟ್ರೈಡ್ ಬೆಳೆಸಿ ಎಲ್‌ಇಡಿ ಮಾಡುವುದನ್ನು, ತಮ್ಮದಾಗಿಸಿಕೊಂಡರು. 2020ರಲ್ಲಿ ಫೇಸ್‌ಬುಕ್ ಅದರೊಂದಿಗೆ ಕನ್ನಡಕದ ಪರದೆಗಾಗಿ ಒಪ್ಪಂದ ಮಾಡಿಕೊಂಡಿತು. ಕಟ್ಟಡ ಹಳೇ ಪ್ಲೆಸ್ಸಿಯದು, ಹೆಸರು ಹಳೇ ಪ್ಲೆಸ್ಸಿಯದು, ಕಂಪನಿ ಮಾತ್ರ ಹೊಸದು. ಮಾಡುವುದೇನನ್ನು ಎಂದರೆ, ಇನ್ನೊಬ್ಬರ ಹೆಸರಿನ ಕನ್ನಡಕದೊಳಗೆ ಕೂರುವ ಸಾಮಾನು.

ಕೊನೆಗೆ ನಿಮ್ಮ ಯಂತ್ರಭಾಗ. ಗುಜರಿಗೆ ಹಾಕಬೇಡಿ, ಎಣ್ಣೆ ಸುರಿಯಲೂ ಬೇಡಿ. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಆಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ, ದಂಡವನ್ನು ಬೆರಳಿನಿಂದ ಮೆಲ್ಲಗೆ ಮೂರು ಹಲ್ಲು ಮೇಲೆತ್ತಿ, ನಾಲ್ಕು ಹೆಜ್ಜೆ ಪಕ್ಕಕ್ಕೆ ತಿರುಗಿಸಿ, ಹಿಡಿದಿರುವ ಕೊಕ್ಕೆಯನ್ನು ಬಿಡಿಸಿ ನೋಡಿ. ಬಂದ ದಾರಿಯಲ್ಲೇ ಹಿಂದಕ್ಕೆ ಹೊರಳಿ ಕೆಳಗೆ ಬಿದ್ದರೆ ಅದು ಹಳೇ ಮಾದರಿ. ಕೊಕ್ಕೆ ಬಿಡಿಸಿದರೂ ಹಿಂದೆ ಬಾರದೆ, ನೀವು ಮುಂದಕ್ಕೇ ತಿರುಗಿಸುತ್ತಾ ಹತ್ತೂ ಜಾಗ ದಾಟಿಸಿದ ಮೇಲೆ ಆಚೆ ತುದಿಯಲ್ಲಿ ದಡಕ್ಕನೆ ಇಳಿದು, ತಳದಲ್ಲಿ ತಾನೇ ಸರ್ರನೆ ಹಿಂದಿರುಗಿದರೆ ಅದು ‘2000’ ಮಾದರಿ. ಲಿವರ್‌ಪೂಲ್‌ನಲ್ಲೇ ರೂಪುಗೊಂಡು ಬ್ರಿಟಿಷ್ ಪೋಸ್ಟ್ ಆಫೀಸು 1930ರ ದಶಕದ ನಡುವೆ ಒಪ್ಪಿಕೊಂಡದ್ದು. ಬ್ರಿಟನ್ನಿನಲ್ಲಿ ಕೊನೆಯ ಸ್ಟ್ರೋಜರ್ ಎಕ್ಸ್‌ಚೇಂಜ್ ಬಂದಾದದ್ದು 1995ರ ಜೂನ್ 23ರಂದು, ಸ್ಕಾಟ್ಲೆಂಡಿನ ಕ್ರಾಫರ್ಡ್ ಎಂಬ ಹಳ್ಳಿಯಲ್ಲಿ. ನಿಮ್ಮದರ ಸದ್ದು ಹೇಗಿತ್ತೆಂದು ಒಂದು ಸಾಲು ಬರೆದು ತಿಳಿಸಿ.